ಕಾಲು ನೆಲಕ್ಕೆ ಎಟುಕಲೇಬೇಕೆಂಬ ಹಟ ಬಿಡೋಣ: ಸೈಕಲ್ ಸೀಟು, ಹ್ಯಾಂಡಲ್‌ಗಳ ಅಳತೆ ಕುರಿತು

ಮಾನ್ಯ ಸಂಪಾದಕರೇ,

ಜೂನ್ 3ರ ವಿಶ್ವ ಸೈಕಲ್ ದಿನ ಬಂತೆಂದರೆ ಸೈಕಲ್ ತುಳಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ, ಪೆಟ್ರೋಲ್ ಉಳಿಯುತ್ತದೆ ಎಂಬ ಮಾತುಗಳು ಎಲ್ಲೆಡೆ ಕೇಳಿಬರುತ್ತವೆ. ಆ ಮಾತು ನಂಬಿ ಸೈಕಲ್ ಕೊಂಡವರಿಗೆ ಮಂಡಿ ಏಕೆ ನೋಯುತ್ತದೆ, ಕೈಬೆರಳು ಏಕೆ ಜೋಮು ಹಿಡಿಯುತ್ತದೆ, ಹೊಸ ಸೈಕಲ್ ಆರು ತಿಂಗಳೊಳಗೆ ಮಹಡಿ ಮೆಟ್ಟಿಲ ಕೆಳಗೆ ಧೂಳು ಹಿಡಿದು ನಿಲ್ಲುವುದೇಕೆ ಎಂಬುದನ್ನು ಮಾತ್ರ ಯಾರೂ ವಿವರಿಸುವುದಿಲ್ಲ. ಬಹುಪಾಲು ಸಂದರ್ಭಗಳಲ್ಲಿ ತಪ್ಪು ವಯಸ್ಸಿನದೂ ಅಲ್ಲ, ಸೈಕಲ್ಲಿನ ಬೆಲೆಯದೂ ಅಲ್ಲ. ಸೀಟು ಮತ್ತು ಹ್ಯಾಂಡಲ್ ಸವಾರನ ಮೈಗೆ ಹೊಂದಿಕೊಂಡಿರುವುದಿಲ್ಲ, ಅಷ್ಟೇ. ಒಂದು ಅಳತೆ ಟೇಪು, ಒಂದು ಸೆಟ್ ಆಲೆನ್ ಕೀ (ಆರು ಮೂಲೆಯ ಗುಳಿ ಇರುವ ಬೋಲ್ಟ್ ತಿರುಗಿಸುವ ಸಲಾಕೆ), ಒಂದು ಭಾನುವಾರದ ಬೆಳಗ್ಗೆ ಇದ್ದರೆ ಇದರಲ್ಲಿ ಮುಕ್ಕಾಲು ಪಾಲನ್ನು ಮನೆಯಲ್ಲೇ ಸರಿಪಡಿಸಬಹುದು. ಅದಕ್ಕಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಜಾಗ ಕೊಡಿ.

ಬೆಳಗ್ಗೆ ಆರು ಗಂಟೆಗೆ ಮೈಸೂರಿನ ಲಲಿತಮಹಲ್ ರಸ್ತೆಯಲ್ಲೋ ಬೋಗಾದಿ ಕಡೆಯ ರಿಂಗ್ ರಸ್ತೆಯಲ್ಲೋ ಹತ್ತು ನಿಮಿಷ ನಿಂತು ನೋಡಿ. ಹತ್ತು ಸೈಕಲ್ ಹೋದರೆ ಆರೇಳರಲ್ಲಿ ಒಂದೇ ದೃಶ್ಯ. ಸೀಟು ತೀರಾ ಕೆಳಗಿರುತ್ತದೆ, ಮಂಡಿಗಳು ಎದೆಯತ್ತ ಏರಿ ಎರಡೂ ಪಕ್ಕಕ್ಕೆ ಅಗಲಿಸಿಕೊಂಡಿರುತ್ತವೆ, ಪೆಡಲ್ ಪೂರಾ ಕೆಳಗಿಳಿದಾಗಲೂ ಕಾಲು ಅರ್ಧ ಮಡಚಿಯೇ ಇರುತ್ತದೆ. ಅಂಗಡಿಯಲ್ಲಿ ಸೀಟು ಕೂಡಿಸುವಾಗ ಕೇಳುವ ಪ್ರಶ್ನೆ ಒಂದೇ: ‘ಕಾಲು ಎಟುಕುತ್ತಾ ಸಾರ್?’ ಎರಡೂ ಪಾದ ನೆಲದ ಮೇಲೆ ಪೂರ್ತಿ ಊರುವವರೆಗೆ ಸೀಟು ಇಳಿಸಿ, ಬೋಲ್ಟ್ ಬಿಗಿದು, ಕೈಗೆ ಬಿಲ್ಲು ಕೊಟ್ಟುಬಿಡುತ್ತಾರೆ. ಕೊಳ್ಳುವವರಿಗೂ ಅದೇ ನೆಮ್ಮದಿ. ಎಲ್ಲ ನೋವಿನ ಬೇರು ಈ ಒಂದು ಪ್ರಶ್ನೆಯಲ್ಲಿದೆ.

ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ರೋಡ್ ಅಥವಾ ಹೈಬ್ರಿಡ್ ಸೈಕಲ್ಲಿನಲ್ಲಿ ಕ್ರ್ಯಾಂಕ್, ಅಂದರೆ ಪೆಡಲ್ ಹಿಡಿದಿರುವ ತೋಳು, ತಿರುಗುವ ಅಚ್ಚಿನ ನಡುಬಿಂದು ನೆಲದಿಂದ ಸುಮಾರು 27 ಸೆಂ.ಮೀ. ಮೇಲಿರುತ್ತದೆ. ಕ್ರ್ಯಾಂಕ್ ತೋಳಿನ ಉದ್ದ ಸಾಮಾನ್ಯವಾಗಿ 17 ಸೆಂ.ಮೀ. ಅಂದರೆ ಪೆಡಲ್ ಎಷ್ಟೇ ಕೆಳಗೆ ಬಂದರೂ ನೆಲಕ್ಕಿಂತ 10 ಸೆಂ.ಮೀ. ಮೇಲೆಯೇ ನಿಲ್ಲುತ್ತದೆ. ಆ ಪೆಡಲ್ ಮೇಲೆ ಕಾಲು ಹೆಚ್ಚು ಕಡಿಮೆ ನೀಳವಾಗಬೇಕಾದರೆ, ಇನ್ನೂ 10 ಸೆಂ.ಮೀ. ಕೆಳಗಿರುವ ನೆಲಕ್ಕೆ ಅದೇ ಕಾಲಿನ ಪಾದ ಪೂರ್ತಿ ತಾಗುವುದು ಹೇಗೆ? ತೊಡೆಸಂದಿಯಿಂದ ನೆಲದವರೆಗಿನ ಒಳಗಾಲಿನ ಅಳತೆ 80 ಸೆಂ.ಮೀ. ಇರುವವರಿಗೆ ಸರಿಯಾಗಿ ಕೂಡಿಸಿದ ಸೀಟು ನೆಲದಿಂದ ಸುಮಾರು 94 ಸೆಂ.ಮೀ. ಎತ್ತರದಲ್ಲಿರುತ್ತದೆ. ಕೂತಲ್ಲಿಂದ ಒಂದು ಕಾಲಿನ ಬೆರಳ ತುದಿ, ಅದೂ ಸೈಕಲನ್ನು ತುಸು ವಾಲಿಸಿದರೆ, ನೆಲಕ್ಕೆ ತಾಗಿದರೆ ಸಾಕು. ಎರಡೂ ಪಾದ ಊರುತ್ತಿವೆ ಎಂದರೆ ಸೀಟು ಹತ್ತು ಹದಿನೈದು ಸೆಂ.ಮೀ. ಕೆಳಗಿದೆ ಎಂದೇ ಅರ್ಥ.

ನಮ್ಮ ಹಿಂದಿನವರಿಗೆ ಈ ಭಯ ಇರಲಿಲ್ಲ. ಮಂಡ್ಯ, ಮಳವಳ್ಳಿ, ಪಾಂಡವಪುರದ ಕಡೆ 24 ಇಂಚಿನ ಫ್ರೇಮಿನ ಸೈಕಲ್ ಮೇಲೆ ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೇರಿಕೊಂಡು ಹೋಗುತ್ತಿದ್ದವರು ಒಂದು ಪೆಡಲ್ ಮೇಲೆ ಕಾಲಿಟ್ಟು, ಇನ್ನೊಂದು ಕಾಲಲ್ಲಿ ನೆಲ ಒದ್ದು ಹತ್ತುತ್ತಿದ್ದರು, ಇಳಿಯುವಾಗಲೂ ಹಾಗೆಯೇ. ಮಕ್ಕಳು ಮೊದಲು ಒಳಪೆಡಲ್, ಆಮೇಲೆ ಬಾರ್, ಕೊನೆಗೆ ಸೀಟು ಎಂದು ಹಂತ ಹಂತವಾಗಿ ಕಲಿಯುತ್ತಿದ್ದರು. ಸೀಟಿನ ಮೇಲೆ ಕೂತಾಗ ಕಾಲು ನೆಲಕ್ಕೆ ಎಟುಕುವುದಿಲ್ಲ ಎಂಬುದು ಅವರಿಗೆ ಸಹಜ ಸಂಗತಿಯಾಗಿತ್ತು. ಸ್ಕೂಟರ್, ಬೈಕು ಬಂದ ಮೇಲೆ ಕೂತಲ್ಲೇ ಕಾಲೂರುವ ಅಭ್ಯಾಸ ನಮಗೆ ಅಂಟಿತು, ಅದನ್ನೇ ಸೈಕಲ್ಲಿಗೂ ತಂದೆವು.

ಹಾಗಾದರೆ ಸಿಗ್ನಲ್‌ನಲ್ಲಿ ನಿಲ್ಲುವುದು ಹೇಗೆ? ಬ್ರೇಕ್ ಹಿಡಿಯುತ್ತಾ ಬಲ ಪೆಡಲನ್ನು ಕೆಳಗೆ ತನ್ನಿ, ಅದರ ಮೇಲೆ ಮೈಭಾರ ಹಾಕಿ ಸೀಟಿನಿಂದ ಮುಂದಕ್ಕೆ ಜಾರಿ ನಿಲ್ಲಿ, ಗಾಡಿ ನಿಲ್ಲುವ ಹೊತ್ತಿಗೆ ಎಡಗಾಲನ್ನು ನೆಲಕ್ಕೆ ಊರಿ. ಈಗ ನೀವಿರುವುದು ಫ್ರೇಮಿನ ಮೇಲ್ಕೊಳವೆಯ ಮೇಲೆ, ಸೀಟಿನ ಮೇಲಲ್ಲ. ಹೊರಡುವಾಗ ಬಲ ಪೆಡಲನ್ನು ಗಡಿಯಾರದ ಎರಡು ಗಂಟೆಯ ಮುಳ್ಳಿನ ಜಾಗಕ್ಕೆ ತಂದು ತುಳಿದು ನಿಂತರೆ ಸೀಟು ತಾನಾಗಿ ಹಿಂದೆ ಸಿಗುತ್ತದೆ. ವಾಹನ ಓಡಾಡದ ಮೈದಾನದಲ್ಲಿ ಇಪ್ಪತ್ತು ಸಲ ಮಾಡಿದರೆ ರೂಢಿಯಾಗುತ್ತದೆ. ಇದನ್ನು ಕಲಿಯುವ ಮೊದಲು ಸೀಟನ್ನು ಒಂದೇ ಏಟಿಗೆ ಏರಿಸಬೇಡಿ, ಬಿದ್ದು ಕೈ ಮುರಿದುಕೊಳ್ಳುವ ಅಪಾಯ ಇದೆ.

ಈಗ ಅಳತೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ತಾಗಿಸಿ, ಪಾದಗಳ ನಡುವೆ ಹದಿನೈದು ಸೆಂ.ಮೀ. ಬಿಟ್ಟು ನಿಲ್ಲಿ. ದಪ್ಪ ರಟ್ಟಿನ ಪುಸ್ತಕವೊಂದರ ಬೆನ್ನನ್ನು ತೊಡೆಸಂದಿಗೆ ಸೀಟಿನಷ್ಟೇ ಗಟ್ಟಿಯಾಗಿ ಒತ್ತಿ ಹಿಡಿದು, ಅದರ ಅಂಚು ಗೋಡೆಗೆ ತಾಗುವ ಕಡೆ ಪೆನ್ಸಿಲ್ ಗುರುತು ಹಾಕಿ. ನೆಲದಿಂದ ಆ ಗುರುತಿಗೆ ಇರುವುದೇ ಒಳಗಾಲಿನ ಅಳತೆ. ಪ್ಯಾಂಟಿನ ಅಳತೆ ಇದಕ್ಕೆ ಬಾರದು, ಅದು ಯಾವಾಗಲೂ ಕಡಿಮೆ ಬರುತ್ತದೆ. ಸಿಕ್ಕ ಅಂಕಿಯನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಆದರೆ 70.6 ಸೆಂ.ಮೀ. ಕ್ರ್ಯಾಂಕ್ ಅಚ್ಚಿನ ನಡುಬಿಂದುವಿನಿಂದ ಸೀಟಿನ ಕೊಳವೆಯ ಓರೆಯಲ್ಲೇ ಟೇಪು ಹಿಡಿದು ಸೀಟಿನ ಮೇಲ್ಮೈವರೆಗೆ ಇಷ್ಟಿರಬೇಕು. ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯನ್ನು 1986, 1989, 1990ರಲ್ಲಿ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರ ಇದು. ಆರಂಭಕ್ಕೆ ಒಳ್ಳೆಯದು, ಅಂತಿಮ ತೀರ್ಪಲ್ಲ. ಕ್ರ್ಯಾಂಕಿನ ಉದ್ದ, ಬೂಟಿನ ಅಟ್ಟೆಯ ದಪ್ಪ, ಪಾದದ ಉದ್ದ ಯಾವುದೂ ಇದರ ಲೆಕ್ಕಕ್ಕೆ ಬರುವುದಿಲ್ಲ.

ಆದ್ದರಿಂದ ಇನ್ನೊಂದು ಪರೀಕ್ಷೆ ಬೇಕು. ಸೈಕಲ್ಲನ್ನು ಗೋಡೆಗೆ ಆನಿಸಿ, ಮಾಮೂಲಿ ತುಳಿಯುವ ಬೂಟು ಹಾಕಿ ಕೂತು, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಹಿಮ್ಮುಖವಾಗಿ ತುಳಿಯಿರಿ. ಕ್ರ್ಯಾಂಕ್ ತೋಳು ಸೀಟಿನ ಕೊಳವೆಯ ನೇರಕ್ಕೆ ಬಂದಾಗ ಕಾಲು ಪೂರ್ತಿ ನೀಳವಾಗಿರಬೇಕು, ಆದರೆ ಹಿಮ್ಮಡಿ ಪೆಡಲ್ ಬಿಡಬಾರದು, ಸೊಂಟ ಒಂದು ಕಡೆಗೆ ವಾಲಬಾರದು. ಆಮೇಲೆ ಪಾದವನ್ನು ಹಿಂದೆ ಸರಿಸಿ ಹೆಬ್ಬೆರಳ ಬುಡದ ಉಬ್ಬು ಪೆಡಲ್ ಅಚ್ಚಿನ ಮೇಲೆ ಬರುವಂತೆ ಇಟ್ಟರೆ ಮಂಡಿಯಲ್ಲಿ 25ರಿಂದ 35 ಡಿಗ್ರಿಯ ಬಾಗು ತಾನಾಗಿ ಬರುತ್ತದೆ. ಬೇಕಿದ್ದರೆ ಮನೆಯವರಿಂದ ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ತೆಗೆಸಿ, ಪೆಡಲ್ ಕೆಳಗಿರುವ ಚಿತ್ರ ನಿಲ್ಲಿಸಿ ಕೋನಮಾಪಕ ಇಟ್ಟು ನೋಡಿ. ತುಳಿಯುತ್ತಿರುವಾಗಿನ ಕೋನ, ನಿಂತಾಗಿನದಕ್ಕಿಂತ ಕೆಲವು ಡಿಗ್ರಿ ಹೆಚ್ಚೇ ಕಾಣುತ್ತದೆ, ಅದು ಸರಿ.

ಈ ಬಾಗು ಇಷ್ಟೇಕೆ ಮುಖ್ಯ? ಮಂಡಿ ಮಡಚಿದಷ್ಟೂ ಮಂಡಿಚಿಪ್ಪು ತೊಡೆಮೂಳೆಗೆ ಹೆಚ್ಚು ಒತ್ತುತ್ತದೆ. ನಿಮಿಷಕ್ಕೆ 80 ಸುತ್ತು ತುಳಿದರೆ, ಶ್ರೀರಂಗಪಟ್ಟಣಕ್ಕೆ ಹೋಗಿಬರುವ ಒಂದೂವರೆ ಗಂಟೆಯಲ್ಲಿ ಒಂದೊಂದು ಮಂಡಿಯೂ 7,200 ಸಲ ಆ ಒತ್ತಡ ತಿನ್ನುತ್ತದೆ. ಚಾಮುಂಡಿ ಬೆಟ್ಟದ ಏರಿನಲ್ಲಿ ದೊಡ್ಡ ಗೇರಿನಲ್ಲೇ ಮೆಲ್ಲಗೆ ಒದ್ದು ಒದ್ದು ಹತ್ತಿದರೆ ಒಂದೊಂದು ತುಳಿತದ ಭಾರವೂ ಹೆಚ್ಚು. ಹಾಗಾಗಿ ಸೀಟು ತಗ್ಗಿರುವವರಿಗೆ ಮಂಡಿಯ ಮುಂಭಾಗ ನೋಯುವುದು ಮೊದಲು ಗೊತ್ತಾಗುವುದೇ ಬೆಟ್ಟದ ಮೇಲೆ. ಸೀಟು ಅತಿ ಎತ್ತರವಾದರೂ ತೊಂದರೆಯೇ. ಆಗ ನೋವು ಮಂಡಿಯ ಹಿಂಭಾಗಕ್ಕೆ ಬರುತ್ತದೆ, ಪ್ರತಿ ತುಳಿತಕ್ಕೂ ಸೊಂಟ ಎಡಕ್ಕೆ ಬಲಕ್ಕೆ ಓಲಾಡುತ್ತದೆ, ಸೊಂಟದ ಕೆಳಗೆ ಹಿಡಿದುಕೊಳ್ಳುತ್ತದೆ, ತೊಡೆಸಂದಿ ಉಜ್ಜಿ ಹುಣ್ಣಾಗುತ್ತದೆ. ಹಿಂದೆ ಬರುವ ಗೆಳೆಯರಿಗೆ ‘ನನ್ನ ಸೊಂಟ ಓಲಾಡುತ್ತಾ ನೋಡು’ ಎಂದು ಹೇಳಿ. ಇದಕ್ಕಿಂತ ಒಳ್ಳೆಯ ಉಪಕರಣ ಇಲ್ಲ.

ವರ್ಷಗಟ್ಟಲೆ ತಗ್ಗಿನಲ್ಲಿ ಕೂತವರು ಒಂದೇ ದಿನದಲ್ಲಿ ಹತ್ತು ಸೆಂ.ಮೀ. ಏರಿಸಿದರೆ ತೊಡೆಯ ಹಿಂಭಾಗದ ಸ್ನಾಯು ತಾಳದು. ಸರಿಯಾದ ಎತ್ತರ ಇನ್ನೂ ದೂರವಿದ್ದಾಗ ವಾರಕ್ಕೆ ಒಂದು ಸೆಂ.ಮೀ., ಹತ್ತಿರ ಬಂದ ಮೇಲೆ ಒಂದು ಸಲಕ್ಕೆ ಮೂರು ಮಿಲಿಮೀಟರ್ ಸಾಕು. ಸೀಟಿನ ಕಂಬದ ಮೇಲೆ ಇಷ್ಟಕ್ಕಿಂತ ಮೇಲೆ ಎಳೆಯಬೇಡಿ ಎಂಬ ಗೆರೆ ಕೊರೆದಿರುತ್ತದೆ. ಆ ಗೆರೆ ಹೊರಗೆ ಕಂಡರೆ ಕಂಬ ಬಗ್ಗುತ್ತದೆ ಅಥವಾ ಫ್ರೇಮಿನ ಕೊಳವೆ ಸೀಳುತ್ತದೆ. ಅಷ್ಟೆಳೆದರೂ ಎತ್ತರ ಸಾಲದಿದ್ದರೆ ಉದ್ದನೆಯ ಕಂಬ ಕೊಳ್ಳಬೇಕು, ಇಲ್ಲವೇ ಆ ಫ್ರೇಮೇ ನಿಮಗೆ ಚಿಕ್ಕದು.

ಎತ್ತರ ಆದಮೇಲೆ ಸೀಟಿನ ಹಿಂದು-ಮುಂದು. ದಾರಕ್ಕೊಂದು ಭಾರದ ನಟ್ಟು ಕಟ್ಟಿ. ಎರಡೂ ಪೆಡಲ್ ನೆಲಕ್ಕೆ ಸಮವಾಗಿ ನಿಂತಾಗ, ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿನ ಮೂಳೆಯುಬ್ಬಿನಿಂದ ದಾರ ಇಳಿಬಿಟ್ಟರೆ ಅದು ಪೆಡಲ್ ಅಚ್ಚಿನ ಮೇಲೋ, ಒಂದೆರಡು ಸೆಂ.ಮೀ. ಹಿಂದೋ ಬೀಳಬೇಕು. ಇದೂ ಆರಂಭದ ಅಂದಾಜು. ಸೀಟು ಹಿಂದೆ ಹೋದಷ್ಟೂ ಪೆಡಲ್ ದೂರವಾಗುವುದರಿಂದ ಎತ್ತರವನ್ನು ಮತ್ತೆ ತುಸು ಇಳಿಸಬೇಕಾಗುತ್ತದೆ ಎಂಬುದು ನೆನಪಿರಲಿ. ಸೀಟಿನ ಮಟ್ಟವನ್ನು ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ, ಮೊದಲಿಗೆ ಸಮತಟ್ಟು. ಒತ್ತಡ ಎನಿಸಿದರೆ ಮೂತಿಯನ್ನು ಒಂದೆರಡು ಡಿಗ್ರಿ ಮಾತ್ರ ತಗ್ಗಿಸಿ. ಇನ್ನೂ ತಗ್ಗಿಸಿದರೆ ಮೈ ಮುಂದಕ್ಕೆ ಜಾರುತ್ತಾ ಇರುತ್ತದೆ, ಅದನ್ನು ತಡೆಯುವ ಕೆಲಸ ಇಡೀ ದಾರಿ ಅಂಗೈಗಳ ಮೇಲೆ ಬೀಳುತ್ತದೆ.

ನಮ್ಮ ಕಡೆ ಮತ್ತೆ ಮತ್ತೆ ಕಾಣುವ ಇನ್ನೊಂದು ತಪ್ಪನ್ನು ಬಿಡಿಸಿ ಹೇಳಲೇಬೇಕು. ‘ಹ್ಯಾಂಡಲ್ ದೂರ ಆಗುತ್ತೆ’ ಎಂದು ದೂರಿದರೆ ಮೆಕ್ಯಾನಿಕ್ ಸೀಟನ್ನು ಮುಂದಕ್ಕೆ ತಳ್ಳಿಬಿಡುತ್ತಾರೆ. ಎರಡು ನಿಮಿಷದ ಕೆಲಸ, ಕಾಸೂ ಇಲ್ಲ. ಆದರೆ ಸೀಟಿನ ಜಾಗ ತೀರ್ಮಾನವಾಗಬೇಕಾದ್ದು ಕಾಲು ಮತ್ತು ಪೆಡಲ್‌ಗಳ ನಡುವೆ, ಹ್ಯಾಂಡಲ್ ಜೊತೆ ಅಲ್ಲ. ಸೀಟು ಮುಂದೆ ಹೋದರೆ ಮಂಡಿಯ ಮಡಿಕೆ ಹೆಚ್ಚುತ್ತದೆ, ಮೈಭಾರ ಕೈಗಳ ಮೇಲೆ ಸರಿಯುತ್ತದೆ, ಹೋದ ನೋವಿನ ಜಾಗಕ್ಕೆ ಎರಡು ಹೊಸ ನೋವು ಬರುತ್ತವೆ. ಸರಿಯಾದ ಪರಿಹಾರ ಸ್ಟೆಮ್ ಬದಲಿಸುವುದು. ಫ್ರೇಮಿಗೂ ಹ್ಯಾಂಡಲ್ಲಿಗೂ ನಡುವಿನ ಆ ಚಿಕ್ಕ ತುಂಡು 70ರಿಂದ 120 ಮಿ.ಮೀ.ವರೆಗೆ ಹತ್ತು ಹತ್ತು ಮಿಲಿಮೀಟರ್ ಅಂತರದಲ್ಲಿ ಸಿಗುತ್ತದೆ. ಈಗಿನ ಬಹುತೇಕ ರೋಡ್, ಹೈಬ್ರಿಡ್ ಸೈಕಲ್ಲುಗಳಲ್ಲಿ ಹ್ಯಾಂಡಲ್ ಹಿಡಿಯುವ ಕಡೆ ಅದರ ವ್ಯಾಸ 31.8 ಮಿ.ಮೀ., ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಕವಲಿನ) ಕೊಳವೆ ಹಿಡಿಯುವ ಕಡೆ 28.6 ಮಿ.ಮೀ. ಕೊಳ್ಳುವ ಮುನ್ನ ಇವೆರಡನ್ನೂ ನೋಡಿಕೊಳ್ಳಿ. ಎತ್ತರ ಬೇಕಾದವರು ಹೊಸದನ್ನು ಕೊಳ್ಳುವ ಮೊದಲು ಇರುವುದನ್ನೇ ತಲೆಕೆಳಗು ಮಾಡಿ ನೋಡಿ. ಆರು ಡಿಗ್ರಿ ಓರೆಯ, 100 ಮಿ.ಮೀ. ಉದ್ದದ ಸ್ಟೆಮ್ ತಿರುಗಿಸಿದರೆ ಹ್ಯಾಂಡಲ್ ಸುಮಾರು ಎರಡು ಸೆಂ.ಮೀ. ಮೇಲೇಳುತ್ತದೆ. ಸ್ಟೆಮ್ಮಿನ ಮೇಲಿರುವ ಸ್ಪೇಸರ್ ಬಳೆಗಳನ್ನು ಅದರ ಕೆಳಗೆ ಹಾಕಿದರೆ ಇನ್ನಷ್ಟು.

ಈ ಕೆಲಸದಲ್ಲಿ ಕ್ರಮ ತಪ್ಪಬಾರದು. ಮೊದಲು ಸ್ಟೆಮ್ಮಿನ ಪಕ್ಕದ ಎರಡು ಬೋಲ್ಟ್ ಸಡಿಲಿಸಿ, ಆಮೇಲೆ ಮೇಲಿನ ಮುಚ್ಚಳದ ಬೋಲ್ಟ್ ಬಿಚ್ಚಿ. ಮುಚ್ಚಳ ತೆಗೆದ ಮೇಲೆ ಫೋರ್ಕನ್ನು ಹಿಡಿಯುವವರಿಲ್ಲದಿದ್ದರೆ ಅದು ಕೆಳಗೆ ಜಾರುತ್ತದೆ, ಆದ್ದರಿಂದ ಮುಂದಿನ ಚಕ್ರ ನೆಲದ ಮೇಲೇ ಇರಲಿ. ಮತ್ತೆ ಜೋಡಿಸುವಾಗ ಫೋರ್ಕಿನ ಕೊಳವೆಯ ಅಂಚು, ಮೇಲಿನ ಸ್ಪೇಸರ್ ಅಥವಾ ಸ್ಟೆಮ್ಮಿನ ಅಂಚಿಗಿಂತ ಮೂರು ಮಿಲಿಮೀಟರಿನಷ್ಟು ಒಳಗಿರಬೇಕು. ಮುಚ್ಚಳದ ಬೋಲ್ಟ್ ಇರುವುದು ಬೇರಿಂಗಿನ ಅಲುಗಾಟ ತೆಗೆಯಲು, ಸ್ಟೆಮ್ ಹಿಡಿದಿಡಲು ಅಲ್ಲ. ಅದನ್ನು ಮೆಲ್ಲಗೆ ಬಿಗಿದು, ಚಕ್ರ ಮತ್ತು ಹ್ಯಾಂಡಲ್ ನೇರ ಮಾಡಿ, ಆಮೇಲೆ ಪಕ್ಕದ ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಬಿಗಿಯ ಅಳತೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್, ಸ್ಟೆಮ್ಮಿನ ಮೇಲೆ ಬೇರೆ ಅಂಕಿ ಬರೆದಿದ್ದರೆ ಅದು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ. ‘ಕಟ್ ಕಟ್’ ಎಂದರೆ ಬೇರಿಂಗ್ ಸಡಿಲ, ಹ್ಯಾಂಡಲ್ ತಿರುಗಿಸುವಾಗ ಗಟ್ಟಿಯಾಗಿ ಹಿಡಿದಂತಾದರೆ ಬಿಗಿ ಹೆಚ್ಚು. ಹ್ಯಾಂಡಲ್ ಹಿಡಿದಿರುವ ಮುಂಭಾಗದ ನಾಲ್ಕು ಬೋಲ್ಟ್‌ಗಳನ್ನು ಅಡ್ಡಡ್ಡ ಮೂಲೆಗಳಂತೆ ಬಿಗಿದು, ಮೇಲೂ ಕೆಳಗೂ ಸಂದು ಸಮನಾಗಿರುವಂತೆ ನೋಡಿಕೊಳ್ಳಿ. ಕಾರ್ಬನ್ ಕೊಳವೆ ಇದ್ದರೆ ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲದೆ ಮುಟ್ಟಬೇಡಿ.

ಕೈಗಳ ವಿಚಾರ. ಕಿರುಬೆರಳು, ಉಂಗುರಬೆರಳು ಜೋಮು ಹಿಡಿದರೆ ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ಅಲ್ನಾರ್ ನರ ಒತ್ತಿಹೋಗುತ್ತಿದೆ ಎಂದು ಅರ್ಥ. ಹೆಬ್ಬೆರಳು, ತೋರುಬೆರಳು ಆದರೆ ಮಣಿಕಟ್ಟಿನ ನಡುವಿನ ಮೀಡಿಯನ್ ನರ. ದಪ್ಪ ಗ್ಲೌಸ್ ಕೊಳ್ಳುವ ಮೊದಲು ಸೀಟಿನ ಮೂತಿ ತಗ್ಗಿದೆಯೇ, ಹ್ಯಾಂಡಲ್ ತೀರಾ ಕೆಳಗೆ ಅಥವಾ ದೂರ ಇದೆಯೇ ನೋಡಿ. ಚಪ್ಪಟೆ ಹ್ಯಾಂಡಲ್ಲಿನ ಸೈಕಲ್ಲುಗಳಲ್ಲಿ ಬ್ರೇಕ್ ಹಿಡಿ ನೆಲಕ್ಕೆ ಸಮನಾಗಿ ಚಾಚಿಕೊಂಡಿರುವುದೇ ಹೆಚ್ಚು, ಅದರಿಂದ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ. ಒಂದು ಆಲೆನ್ ಬೋಲ್ಟ್ ಸಡಿಲಿಸಿ ಹಿಡಿಯನ್ನು 30ರಿಂದ 45 ಡಿಗ್ರಿ ಕೆಳಕ್ಕೆ ತಿರುಗಿಸಿದರೆ ಮುಂಗೈಯಿಂದ ಬೆರಳವರೆಗೆ ನೇರ ಗೆರೆ ಬರುತ್ತದೆ. ಬೆರಳು ಚಿಕ್ಕದಿರುವ ಹೆಣ್ಣುಮಕ್ಕಳು, ಮಕ್ಕಳು ಬ್ರೇಕ್ ಹಿಡಿಗೆ ಕೈಚಾಚಿ ಒದ್ದಾಡುತ್ತಾರೆ. ಹಿಡಿಯ ಬುಡದಲ್ಲಿರುವ ಸಣ್ಣ ಸ್ಕ್ರೂ ತಿರುಗಿಸಿದರೆ ಅದು ಹ್ಯಾಂಡಲ್ಲಿಗೆ ಹತ್ತಿರವಾಗುತ್ತದೆ. ಇಂಥ ಸ್ಕ್ರೂ ಇದೆ ಎಂಬುದೇ ಅನೇಕರಿಗೆ ಗೊತ್ತಿಲ್ಲ.

ಮೊಣಕೈ ಯಾವಾಗಲೂ ತುಸು ಬಾಗಿರಲಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್ಲಿಗೆ ಪ್ರವೇಶವಿಲ್ಲದ ಕಾರಣ ಮಂಡ್ಯದ ಕಡೆ ಹೋಗುವವರಿಗೆ ಸರ್ವಿಸ್ ರಸ್ತೆಯೇ ಗತಿ, ಅಲ್ಲಿ ಉಬ್ಬುಗಳಿಗೆ ಬರವಿಲ್ಲ. ಕೈ ಕೋಲಿನಂತೆ ನೆಟ್ಟಗಿದ್ದರೆ ಪ್ರತಿ ಉಬ್ಬಿನ ಪೆಟ್ಟೂ ಭುಜ, ಕತ್ತಿಗೆ ನೇರ ಏರುತ್ತದೆ. ಹೊಸಬರಿಗೆ ಹ್ಯಾಂಡಲ್ ಸೀಟಿನ ಮಟ್ಟದಲ್ಲೇ ಇರಲಿ. ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ಲಿನ ಸೈಕಲ್ ಕೊಂಡ ಮರುದಿನವೇ ಸ್ಪರ್ಧಿಗಳ ಚಿತ್ರ ನೋಡಿ ಸ್ಪೇಸರ್ ತೆಗೆಸಿ, ಉಳಿದ ಕೊಳವೆ ಕತ್ತರಿಸುವ ಯುವಕರಿಗೂ ಇದೇ ಮಾತು. ಫೋರ್ಕಿನ ಕೊಳವೆ ಒಮ್ಮೆ ಕತ್ತರಿಸಿದರೆ ಮತ್ತೆ ಅಂಟಿಸಲಾಗದು.

ಸೀಟು ಮೆತ್ತಗಿದ್ದಷ್ಟೂ ಹಿತ ಎಂಬ ನಂಬಿಕೆಯೂ ತಪ್ಪು. ಜೆಲ್ ಕವರ್ ಹಾಕಿದ ಸೀಟಿನಲ್ಲಿ ಕೂರುವ ಮೂಳೆಗಳೆರಡೂ ಹೂತುಹೋಗಿ, ನಡುವಿನ ಮೆತ್ತೆ ಮೇಲೆದ್ದು, ನರ ಮತ್ತು ರಕ್ತನಾಳಗಳಿರುವ ಮೃದು ಭಾಗವನ್ನು ಒತ್ತುತ್ತದೆ. ಅರ್ಧ ಗಂಟೆ ಹಾಯೆನಿಸಿ ಆಮೇಲೆ ಮರಗಟ್ಟುವುದು ಇದರಿಂದಲೇ. ಬೇಕಿರುವುದು ಮೂಳೆಗಳಿಗೆ ತಕ್ಕ ಅಗಲ. ಪ್ಯಾಕಿಂಗ್ ಡಬ್ಬದ ಸುರುಳಿ ರಟ್ಟನ್ನು ಗಟ್ಟಿ ಮೆಟ್ಟಿಲ ಮೇಲಿಟ್ಟು, ಮುಂದಕ್ಕೆ ತುಸು ಬಾಗಿ ಒಂದು ನಿಮಿಷ ಕೂತು ಏಳಿ. ಎರಡು ಗುಳಿ ಬಿದ್ದಿರುತ್ತವೆ. ಅವುಗಳ ನಡುಬಿಂದುಗಳ ಅಂತರಕ್ಕೆ ಎರಡರಿಂದ ಮೂರು ಸೆಂ.ಮೀ. ಸೇರಿಸಿದರೆ ಸೀಟಿನ ಹಿಂಭಾಗದ ಅಗಲ ಸಿಗುತ್ತದೆ. ಪ್ಯಾಡ್ ಇರುವ ಸೈಕ್ಲಿಂಗ್ ಶಾರ್ಟ್ಸ್ ಧರಿಸುವವರು ಅದರ ಒಳಗೆ ಚಡ್ಡಿ ಹಾಕಬಾರದು, ಹೊಲಿಗೆಯೇ ಚರ್ಮ ಕೊರೆಯುತ್ತದೆ. ಇಳಿದ ಮೇಲೂ ಜೋಮು ಹೋಗದಿದ್ದರೆ ವೈದ್ಯರನ್ನು ಕಾಣುವುದರಲ್ಲಿ ತಡ ಮಾಡಬೇಡಿ.

ಐದಡಿ, ಐದಡಿ ಒಂದಿಂಚು ಎತ್ತರದವರಿಗೂ 170 ಮಿ.ಮೀ. ಕ್ರ್ಯಾಂಕ್ ಇರುವ ಸೈಕಲ್ಲನ್ನೇ ಮಾರುತ್ತಾರೆ. ಪೆಡಲ್ ಮೇಲೆ ಬಂದಾಗ ಅವರ ಮಂಡಿ ಹೊಟ್ಟೆಗೆ ತಾಗುವಷ್ಟು ಏರುತ್ತದೆ. 160 ಅಥವಾ 165 ಮಿ.ಮೀ.ನದು ಹಾಕಿಸಿಕೊಂಡರೆ ಗೊತ್ತಾಗುವಷ್ಟು ಹಗುರ. ಕ್ರ್ಯಾಂಕ್ ಎಷ್ಟು ಮಿ.ಮೀ. ಕಡಿಮೆಯಾಯಿತೋ ಸೀಟು ಅಷ್ಟು ಮೇಲೆ ಏರಿಸಬೇಕು, ಅದನ್ನು ಮರೆಯುತ್ತಾರೆ. ಟಯರಿನ ಗಾಳಿಯೂ ಮೈಕೈ ನೋವಿಗೆ ಪಾಲುದಾರ. ಟಯರ್ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಅಂಕಿಯಷ್ಟೂ ತುಂಬಿಸಬೇಕಿಲ್ಲ. 28 ಮಿ.ಮೀ. ಟಯರಿಗೆ 70 ಕೆ.ಜಿ. ಸವಾರನಿಗೆ 70 ಪಿಎಸ್‌ಐ ಸಾಕು, ಹಿಂದಿನದಕ್ಕಿಂತ ಮುಂದಿನದಕ್ಕೆ ತುಸು ಕಡಿಮೆ.

ನಗರದ ಸೈಕಲ್ ಅಂಗಡಿಯವರಲ್ಲಿ ನಮ್ಮ ವಿನಂತಿ: ಕೌಂಟರಿನಲ್ಲಿ ಒಂದು ಅಳತೆ ಟೇಪು ಇಡಿ. ಹೊಸ ಸೈಕಲ್ ಕೊಡುವ ಮುನ್ನ ಗಿರಾಕಿಯ ಒಳಗಾಲಿನ ಅಳತೆ ತೆಗೆದು, ಹಿಮ್ಮಡಿ ಪರೀಕ್ಷೆ ಮಾಡಿಸಿ, ಸ್ಟೆಮ್ ಹೊಂದದಿದ್ದರೆ ಅಲ್ಲೇ ಬದಲಿಸಿ. ಇಪ್ಪತ್ತು ನಿಮಿಷದ ಕೆಲಸ, ಅದಕ್ಕೆ ಹಣ ಕೇಳಿದರೂ ತಪ್ಪಿಲ್ಲ. 2017ರಲ್ಲಿ ಮೈಸೂರಿನಲ್ಲಿ ಆರಂಭವಾದ ಟ್ರಿಣ್ ಟ್ರಿಣ್‌ನಂಥ ಬಾಡಿಗೆ ಸೈಕಲ್ ನಿಲ್ದಾಣಗಳಲ್ಲಿ ‘ಸೈಕಲ್ ಪಕ್ಕ ನಿಂತಾಗ ಸೀಟು ನಿಮ್ಮ ಸೊಂಟದ ಮೂಳೆಯ ಮಟ್ಟಕ್ಕಿರಲಿ’ ಎಂಬ ಒಂದು ಸಾಲನ್ನು ಚಿತ್ರದೊಡನೆ ಬರೆಸಿದರೆ ದಿನವೂ ನೂರಾರು ಮಂಡಿಗಳು ಉಳಿಯುತ್ತವೆ. ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಮಕ್ಕಳ ಪೋಷಕರು ಮೂರು ತಿಂಗಳಿಗೊಮ್ಮೆ ಸೀಟಿನ ಎತ್ತರ ನೋಡಲಿ. ಎಂಟನೇ ತರಗತಿಯಲ್ಲಿ ಬಿಗಿದ ಸೀಟು ಹತ್ತನೇ ತರಗತಿವರೆಗೂ ಅಲ್ಲೇ ತುಕ್ಕು ಹಿಡಿದು ಕೂತಿರುತ್ತದೆ, ಮಗು ಅಷ್ಟರಲ್ಲಿ ಗೇಣುದ್ದ ಬೆಳೆದಿರುತ್ತದೆ. ಲೋಹದ ಕಂಬಕ್ಕೆ ವರ್ಷಕ್ಕೊಮ್ಮೆ ಗ್ರೀಸ್ ಸವರಿದರೆ ಕಚ್ಚಿಕೊಳ್ಳುವುದಿಲ್ಲ.

ಎಲ್ಲ ಸರಿಹೋದ ಮೇಲೆ ನಾಲ್ಕು ಅಳತೆಗಳನ್ನು ಬರೆದಿಡಿ: ಕ್ರ್ಯಾಂಕ್ ಅಚ್ಚಿನಿಂದ ಸೀಟಿನ ಮೇಲ್ಮೈ, ಸೀಟಿನ ಮೂತಿಯಿಂದ ಹ್ಯಾಂಡಲ್ ನಡುಭಾಗ, ನೆಲದಿಂದ ಸೀಟು, ನೆಲದಿಂದ ಹ್ಯಾಂಡಲ್. ಸೀಟಿನ ಕಂಬ ಫ್ರೇಮಿನೊಳಗೆ ಇಳಿಯುವ ಜಾಗಕ್ಕೆ ಇನ್ಸುಲೇಷನ್ ಟೇಪಿನ ಒಂದು ಸುತ್ತು ಹಾಕಿ. ಸರ್ವಿಸಿಗೆ ಬಿಟ್ಟ ಸೈಕಲ್ ವಾಪಸ್ ಬಂದಾಗ, ಒರೆಸಿ ಹೊಳೆಯುತ್ತಿದ್ದರೂ, ಮೊದಲು ಆ ಟೇಪು ಫ್ರೇಮಿನ ಅಂಚಿಗೇ ಇದೆಯೇ ನೋಡಿ, ಆಮೇಲೆ ಹತ್ತಿ.

ಇಂತಿ,
ಸೈಕಲ್ ಸವಾರರ ಪರವಾಗಿ,
ಓದುಗರು, ಮೈಸೂರು